ಉಳ್ಳಾಗಡ್ಡಿ ಮನವಿ ಯಾವ ಮೇಜಿಗೆ ಹೋಗಬೇಕಿತ್ತು? ಗದಗ ಸೀಮೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇಬ್ಬರಿದ್ದಾರೆ. ಒಂದು, ಗದಗ ಜಿಲ್ಲೆಯ ಎರಿ ಹೊಲದ ರೈತರು ಸೇರಿ ಕಟ್ಟಿಕೊಂಡ ಉತ್ಪಾದಕ ಕಂಪನಿ. ಇನ್ನೊಂದು, ಅವರ ಮಾಲು ಹಿಡಿದು ಮಲೇಷ್ಯಾಕ್ಕೆ ಕಳಿಸುತ್ತಿದ್ದ ಹುಬ್ಬಳ್ಳಿಯ ರಫ್ತುದಾರ. 2023-24ರಲ್ಲಿ ಕೇಂದ್ರ ಉಳ್ಳಾಗಡ್ಡಿ ರಫ್ತಿಗೆ ಸುಂಕ, ಕನಿಷ್ಠ ಬೆಲೆ, ನಿಷೇಧ ಒಂದಾದ ಮೇಲೊಂದು ಹಾಕಿದಾಗ ಇವರು ಬರೆದ ಮನವಿಗಳ ಕಥೆ ಇದು. ಹೆಸರು, ಊರು ಬಿಟ್ಟಿದ್ದೇವೆ. ಗುರುತು ಹತ್ತದಂತೆ ಅವರ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇವೆ. ಸರ್ಕಾರದ ಆದೇಶಗಳ ದಿನಾಂಕ, ದರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಈ ಭಾಗದಲ್ಲಿ ಉಳ್ಳಾಗಡ್ಡಿ ಮುಂಗಾರಿನ ಮಳೆ ನಂಬಿದ ಬೆಳೆ. ಜೂನ್-ಜುಲೈನಲ್ಲಿ ಕೂರಿಗೆ ಹೂಡಿ ನೇರ ಬಿತ್ತುತ್ತಾರೆ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಕೀಳುತ್ತಾರೆ. ನಾಸಿಕದ ಕಡೆಯ ಹಿಂಗಾರಿ ಗಡ್ಡೆ ಗಾಳಿಯಾಡುವ ಶೆಡ್ಡಿನಲ್ಲಿ ನಾಲ್ಕೈದು ತಿಂಗಳು ತಡೆಯುತ್ತದೆ. ಮುಂಗಾರಿ ಗಡ್ಡೆಯ ಕಥೆ ಬೇರೆ: ನೀರಿನ ಅಂಶ ಹೆಚ್ಚು, ಸಿಪ್ಪೆ ತೆಳು, ಕೆಲವೇ ವಾರಕ್ಕೆ ಮೊಳಕೆ ಒಡೆಯುತ್ತದೆ ಇಲ್ಲವೇ ಕೊಳೆಯುತ್ತದೆ. ನಾಸಿಕದವ ಕಾಯಬಲ್ಲ, ಗದಗಿನವ ಕಾಯಲಾರ. ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ಮೊದಲ ಮನವಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

2023 ಮಳೆ ಕೈಕೊಟ್ಟ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇಳುವರಿ ಕುಸಿದರೂ ದರ ಸಿಕ್ಕೀತು ಎಂಬ ಲೆಕ್ಕದಲ್ಲಿ ಕಂಪನಿಯವರು ರಫ್ತುದಾರನ ಜೊತೆ ಜುಲೈನಲ್ಲೇ ಮಾತು ಮುಗಿಸಿದ್ದರು: ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 14 ಕಂಟೇನರ್. 40 ಅಡಿಯ ರೀಫರ್ (ತಂಪು ಕಂಟೇನರ್), ಒಂದಕ್ಕೆ 28 ಟನ್, ಗಡ್ಡೆ 45 ಮಿಲಿಮೀಟರಿನ ಮೇಲೆ, ಜಾಳಿಗೆ ಚೀಲ, ಚೆನ್ನೈ ಬಂದರು. ದರ ಇಡೀ ಹಂಗಾಮಿಗೆ ಒಂದೇ ಅಲ್ಲ, ತಿಂಗಳು ತಿಂಗಳಿಗೆ ನಿಗದಿ. ಆ ಕಾಲಕ್ಕೆ ಇದು ಜಾಣತನದ ಕರಾರೇ. ಅದರಲ್ಲಿ ಇಲ್ಲದ್ದು ಒಂದೇ ಕಲಮು: ಸರ್ಕಾರ ನಡುವೆ ಸುಂಕ ಹಾಕಿದರೆ ಅದನ್ನು ಯಾರು ಹೊರಬೇಕು?

ಪೆನ್ನು ಯಾರ ಕೈಯಲ್ಲಿ

ಮುಂದಿನದು ಅರ್ಥವಾಗಬೇಕಾದರೆ ದಿಲ್ಲಿಯ ಮನೆಯೊಳಗಿನ ಕೋಣೆಗಳ ಪರಿಚಯ ಬೇಕು. ಕೃಷಿ ರಾಜ್ಯಪಟ್ಟಿಯ ವಿಷಯ. ಆದರೆ ವಿದೇಶಿ ವ್ಯಾಪಾರ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ 41ನೇ ನಮೂದು, ರಫ್ತು ಸುಂಕವೂ ಸೇರಿದ ಕಸ್ಟಮ್ಸ್ ಸುಂಕ 83ನೇ ನಮೂದು. ಅಂದರೆ ಗಡ್ಡೆ ನೆಲದಲ್ಲಿ ಇರುವವರೆಗೆ ಬೆಂಗಳೂರಿನ ಮಾತು ನಡೆದೀತು. ಬಂದರಿನ ಗೇಟು ಬಂತೆಂದರೆ ದಿಲ್ಲಿಯದೇ.

ದಿಲ್ಲಿ ಅಂದರೂ ಒಂದೇ ಮೇಜಲ್ಲ. ರಫ್ತು ನಿಷೇಧ, ಕನಿಷ್ಠ ರಫ್ತು ಬೆಲೆ, ಪ್ರಮಾಣದ ಮಿತಿ, ಇವು 1992ರ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 3ನೇ ಕಲಮಿನಡಿ ಬರುತ್ತವೆ. ಅಧಿಸೂಚನೆ ಹೊರಡಿಸುವುದು ವಾಣಿಜ್ಯ ಇಲಾಖೆಯ ಕೆಳಗಿನ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ರಫ್ತು ಸುಂಕ ಹಾಗಲ್ಲ. ಅದು 1975ರ ಕಸ್ಟಮ್ಸ್ ಸುಂಕ ಕಾಯ್ದೆಯದು, ವಿನಾಯಿತಿ 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನದು; ಎರಡೂ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯಿಂದ ಹೊರಡುತ್ತವೆ. ಪೇಟೆಯಲ್ಲಿ ನಿಂತವನಿಗೆ ಎರಡೂ ಒಂದೇ, 'ಸರ್ಕಾರ ರಫ್ತಿಗೆ ಅಡ್ಡಿ ಮಾಡಿತು' ಅಷ್ಟೇ. ಕಡತಕ್ಕೆ ಎರಡೂ ಬೇರೆ ಕಾನೂನು, ಬೇರೆ ಕಟ್ಟಡ, ಬೇರೆ ಸಹಿ.

ಸಹಿ ಮಾಡದೆಯೂ ಎಲ್ಲರಿಗಿಂತ ಹೆಚ್ಚು ತೂಗುವ ಇನ್ನೊಂದು ಕೋಣೆ ಇದೆ, ಗ್ರಾಹಕ ವ್ಯವಹಾರಗಳ ಇಲಾಖೆ. 2023ರಲ್ಲಿ ಅದು ದೇಶದ ಸುಮಾರು 550 ಕೇಂದ್ರಗಳಿಂದ 22 ಪದಾರ್ಥಗಳ ದರವನ್ನು ದಿನಾ ತರಿಸುತ್ತಿತ್ತು, ಉಳ್ಳಾಗಡ್ಡಿಯೂ ಅದರಲ್ಲೊಂದು. ಇತ್ತ ರೈತರ ಪರವಾಗಿ ಮಾತಾಡಬೇಕಾದ ಕೃಷಿ ಸಚಿವಾಲಯದ ಕೈಯಲ್ಲಿ ಇರುವುದು ತೋಟಗಾರಿಕೆ ಬೆಳೆಗಳ ಮುಂಗಡ ಅಂದಾಜು, ವರ್ಷಕ್ಕೆ ಕೆಲವು ಸಲ ಬರುವಂಥದ್ದು. ಸಚಿವಾಲಯಗಳು ಸೇರಿ ಕೂತಾಗ ಒಬ್ಬರ ಮುಂದೆ ಇವತ್ತು ಬೆಳಗಿನ ದರ, ಇನ್ನೊಬ್ಬರ ಮುಂದೆ ತಿಂಗಳುಗಳ ಹಿಂದಿನ ಅಂದಾಜು. ಯಾರ ಮಾತು ನಡೆದೀತು ಎಂದು ಹೇಳಲು ಜ್ಯೋತಿಷ್ಯ ಬೇಡ.

ಕೃಷಿ ರಫ್ತು ಅಭಿವೃದ್ಧಿ ಪ್ರಾಧಿಕಾರವಾದ ಅಪೇಡಾ ರಫ್ತುದಾರರಿಗೆ ನೋಂದಣಿ, ಪ್ರೋತ್ಸಾಹ, ಮಾರ್ಗದರ್ಶನ ಕೊಡುತ್ತದೆ, ನಿಷೇಧ ತಡೆಯುವ ಅಧಿಕಾರ ಅದಕ್ಕಿಲ್ಲ. ವ್ಯಾಪಾರ ಒಪ್ಪಂದಗಳ ಮಾತುಕತೆ ನಡೆಸುವವರು ವಾಣಿಜ್ಯ ಇಲಾಖೆಯಲ್ಲೇ ಇದ್ದರೂ ಡಿಜಿಎಫ್‌ಟಿಯವರಲ್ಲ. 'ಮಲೇಷ್ಯಾದ ಜೋಡಿ ಒಪ್ಪಂದ ಐತಲ್ಲ' ಎಂಬ ಮಾತು ಕಂಪನಿಯ ಸಭೆಯಲ್ಲಿ ಎರಡು ಸಲ ಬಂತು. ನಿಜ, ಭಾರತ-ಮಲೇಷ್ಯಾ ಒಪ್ಪಂದ 2011ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೆ ಸರಕಿನ ಮಟ್ಟಿಗೆ ಇಂಥ ಒಪ್ಪಂದಗಳ ಬಹುಭಾಗ ಅತ್ತಲಿನವರ ಆಮದು ಸುಂಕದ್ದು. ನಮ್ಮ ಬಾಗಿಲಿಗೆ ನಾವೇ ಹಾಕಿಕೊಂಡ ಚಿಲಕವನ್ನು ಅದು ತೆಗೆಯುವುದಿಲ್ಲ. ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ 11ನೇ ವಿಧಿ ರಫ್ತು ನಿಷೇಧವನ್ನು ಸಾಮಾನ್ಯವಾಗಿ ಒಪ್ಪದಿದ್ದರೂ ಆಹಾರದ ತೀವ್ರ ಕೊರತೆ ತಪ್ಪಿಸಲು ತಾತ್ಕಾಲಿಕವಾಗಿ ಹಾಕಲು ಬಿಡುತ್ತದೆ. ರಫ್ತು ಸುಂಕಕ್ಕಂತೂ ಆ ವಿಧಿ ಅನ್ವಯವೇ ಆಗುವುದಿಲ್ಲ.

ಮೊದಲ ಪೆಟ್ಟು, ಮೊದಲ ಮನವಿ

2023ರ ಆಗಸ್ಟ್ 19ರಂದು ಉಳ್ಳಾಗಡ್ಡಿಗೆ ಶೇ 40 ರಫ್ತು ಸುಂಕ ಬಂತು, ಡಿಸೆಂಬರ್ 31ರವರೆಗೆ. ಜೊತೆಯಲ್ಲೇ ಕೇಂದ್ರ ತನ್ನ ಬಫರ್ (ದರ ಹಿಡಿತದಲ್ಲಿಡಲು ಕೊಂಡಿಡುವ) ದಾಸ್ತಾನಿನ ಗುರಿಯನ್ನು 3 ಲಕ್ಷ ಟನ್‌ನಿಂದ 5 ಲಕ್ಷಕ್ಕೆ ಏರಿಸಿ, ಗ್ರಾಹಕ ಸಹಕಾರಿಗಳ ಒಕ್ಕೂಟವಾದ ಎನ್‌ಸಿಸಿಎಫ್ ಮೂಲಕ ಕಿಲೋಗೆ 25 ರೂಪಾಯಿಯಂತೆ ಚಿಲ್ಲರೆ ಮಾರಾಟ ಶುರು ಮಾಡಿತು.

ಇಲ್ಲಿ ಒಂದು ತಾಂತ್ರಿಕ ಅಂಶ ಹಲವರನ್ನು ಕೆಡವುತ್ತದೆ. ಸುಂಕದ ದರ ಕರಾರಿನ ದಿನದ್ದೂ ಅಲ್ಲ, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಸಲ್ಲಿಸಿದ ದಿನದ್ದೂ ಅಲ್ಲ. ಕಸ್ಟಮ್ಸ್ ಕಾಯ್ದೆಯ 16ನೇ ಕಲಮಿನ ಪ್ರಕಾರ, ಅಧಿಕಾರಿ ಮಾಲನ್ನು ಹಡಗಿಗೆ ಏರಿಸಲು ಅಪ್ಪಣೆ ಕೊಟ್ಟ ದಿನ, ಅಂದರೆ 'ಲೆಟ್ ಎಕ್ಸ್‌ಪೋರ್ಟ್' ಆದೇಶದ ದಿನ ಯಾವ ದರ ಇತ್ತೋ ಅದೇ ದರ. ಜುಲೈನಲ್ಲಿ ಟನ್‌ಗೆ 380 ಡಾಲರ್ ಎಂದು ಒಪ್ಪಿದ ಸೆಪ್ಟೆಂಬರ್ ಮಾಲಿನ ಮೇಲೆ ಈಗ 152 ಡಾಲರ್ ಸುಂಕ. ಒಂದು ಕಂಟೇನರಿಗೆ 4,256 ಡಾಲರ್, ಡಾಲರಿಗೆ 83 ರೂಪಾಯಿ ಹಿಡಿದರೆ ಮೂರೂವರೆ ಲಕ್ಷ. ಕರಾರಿನಲ್ಲಿ ಕಲಮಿಲ್ಲ. ಕೊನೆಗೆ ಮೂರು ಪಾಲು ಮಾಡಿಕೊಂಡರು: ಮಲೇಷ್ಯಾದವ, ರಫ್ತುದಾರ, ಕಂಪನಿ. ಕಂಪನಿಯ ಪಾಲು ಎಂದರೆ ರೈತನಿಗೆ ಕ್ವಿಂಟಲ್‌ಗೆ ನಾಲ್ಕುನೂರು ರೂಪಾಯಿ ಕಡಿತ.

ಆಗಸ್ಟ್ ಕೊನೆಗೆ ಮನವಿ ಹೋಯಿತು. ನಾಲ್ಕು ಪುಟ. ಪ್ರಧಾನಿ, ವಾಣಿಜ್ಯ ಸಚಿವರು, ಕೃಷಿ ಸಚಿವರು, ಮುಖ್ಯಮಂತ್ರಿ, ಜಿಲ್ಲಾಧಿಕಾರಿ, ಐವರಿಗೂ ಒಂದೇ ಪತ್ರ. 'ರೈತರ ಹಿತ ಕಾಯಬೇಕು, ರಫ್ತಿನ ಮೇಲಿನ ನಿರ್ಬಂಧ ಕೂಡಲೇ ತೆಗೆಯಬೇಕು' ಎಂಬುದು ಸಾರ. ಬರೆದದ್ದರಲ್ಲಿ ಸುಳ್ಳಿಲ್ಲ, ಕಳಕಳಿಯೂ ಕಡಿಮೆಯಿಲ್ಲ. ಇಲ್ಲದಿದ್ದವು ಇವು: ಯಾವ ಅಧಿಸೂಚನೆ, ಅದರಲ್ಲಿ ಯಾವ ಸಾಲು ಬದಲಾಗಬೇಕು, ಯಾವ ಸರಕು, ಎಷ್ಟು ಟನ್, ಎಷ್ಟು ದಿನ. ಐದು ವಿಳಾಸಗಳಲ್ಲಿ ಸುಂಕಕ್ಕೆ ಸಹಿ ಮಾಡುವ ಕಂದಾಯ ಇಲಾಖೆಯೂ ಇರಲಿಲ್ಲ, ಬೆಲೆಯ ಕಾವಲುಗಾರನಾದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇರಲಿಲ್ಲ. ಏಳು ವಾರಕ್ಕೆ ಉತ್ತರ ಬಂತು: ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ. ಆ ಏಳು ವಾರದಲ್ಲಿ ಅರ್ಧ ಹೊಲ ಕಿತ್ತಾಗಿತ್ತು.

ಪೆನ್ನು ಕೈ ಬದಲಿಸಿದ್ದು

ಅಕ್ಟೋಬರ್ ಮೂರನೇ ವಾರ ಎರಡನೇ ಮನವಿ ತಯಾರಾಯಿತು. ಈ ಸಲ ರಫ್ತುದಾರನ ಕಸ್ಟಮ್ಸ್ ಏಜೆಂಟ್ ಕೂತು ಬರೆಸಿದ. ಎರಡೇ ಪುಟ, ಕಂದಾಯ ಕಾರ್ಯದರ್ಶಿಗೆ, ಸುಂಕದ ಅಧಿಸೂಚನೆಯ ಸಂಖ್ಯೆ ಹಾಕಿ, ಸುಂಕದ ಪಟ್ಟಿಯಲ್ಲಿ ಉಳ್ಳಾಗಡ್ಡಿ ಬರುವ 0703 ಶೀರ್ಷಿಕೆಯಡಿಯ ಸರಕಿಗೆ ಶೇ 40ರ ಬದಲು ಶೇ 15 ಎಂದು ಬೇಡಿಕೆ ಇಟ್ಟು. ಸರಿಯಾದ ಮೇಜು, ಸರಿಯಾದ ಭಾಷೆ.

ಅದು ದಿಲ್ಲಿ ಮುಟ್ಟಿದ ವಾರದಲ್ಲೇ, ಅಕ್ಟೋಬರ್ 28ರಂದು, ಟನ್‌ಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ಗೊತ್ತಾಯಿತು. ಕಿಲೋಗೆ ಸುಮಾರು 67 ರೂಪಾಯಿ. ಅದಕ್ಕಿಂತ ಕೆಳಗೆ ಬಿಲ್ ಮಾಡುವಂತಿಲ್ಲ. ಈ ಆದೇಶ ಡಿಜಿಎಫ್‌ಟಿಯದು. ಪೆನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿತ್ತು, ಮನವಿ ಮಾತ್ರ ಹಳೆಯ ಕಟ್ಟಡದ ಬಾಗಿಲಲ್ಲಿ ನಿಂತಿತ್ತು. ಮೊದಲ ಸಲ ತಪ್ಪು ಬಾಗಿಲು ತಟ್ಟಿದ್ದಕ್ಕೆ ಅವರನ್ನು ಬೈಯಬಹುದು, ಎರಡನೇ ಸಲದ್ದಕ್ಕೆ ಬೈಯಲಾಗದು. ಬೆಲೆ ಏರುವ ಕಾಲದಲ್ಲಿ ಸರ್ಕಾರ ಒಂದು ಅಸ್ತ್ರ ಸಾಲದೆ ಹೋದರೆ ಇನ್ನೊಂದನ್ನು ಹಿಡಿಯುತ್ತದೆ: ಸುಂಕ, ಕನಿಷ್ಠ ಬೆಲೆ, ಆಮೇಲೆ ನಿಷೇಧ. 2019ರಲ್ಲೂ ಸೆಪ್ಟೆಂಬರ್ 13ಕ್ಕೆ 850 ಡಾಲರಿನ ಕನಿಷ್ಠ ಬೆಲೆ, 29ಕ್ಕೆ ನಿಷೇಧ, ನಡುವೆ ಹದಿನಾರೇ ದಿನ. ಮನವಿ ಬರೆಯುವವರು ಇಂದಿನ ಅಸ್ತ್ರದ ಜೊತೆಗೆ ನಾಳೆ ಬರಬಹುದಾದದ್ದನ್ನೂ ಎಣಿಸಿ ಎರಡೂ ಕಡೆ ಕಾಗದ ಹಾಕಬೇಕಾಗುತ್ತದೆ.

800 ಡಾಲರಿನ ಲೆಕ್ಕ ಹೀಗಿತ್ತು. ನವೆಂಬರಿನ ಮಾಲಿಗೆ ಒಪ್ಪಿದ್ದ ದರ 620. ವ್ಯತ್ಯಾಸ ಟನ್‌ಗೆ 180, ಕಂಟೇನರಿಗೆ 5,040 ಡಾಲರ್, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಪೇಟೆಯಲ್ಲಿ ಸುಲಭದ ದಾರಿ ತೋರಿಸುವವರಿಗೆ ಬರವಿರಲಿಲ್ಲ: ಬಿಲ್ಲು 800ಕ್ಕೆ ಹಾಕಿ, 180 ಹಿಂದಿನಿಂದ ವಾಪಸ್ ಕೊಡಿ. ರಫ್ತುದಾರ ಒಪ್ಪಲಿಲ್ಲ. ಬಿಲ್ಲಿನ ಪೂರ್ತಿ ಹಣ ಬ್ಯಾಂಕಿನ ಮೂಲಕ ಬಂದು ಪ್ರಮಾಣಪತ್ರ ಆಗಬೇಕು. ವಾಪಸ್ ಕೊಡುವ ದಾರಿ ಯಾವುದಾದರೂ ವಿದೇಶಿ ವಿನಿಮಯ ಕಾನೂನಿಗೆ ಸಿಕ್ಕಿಬೀಳುತ್ತದೆ. ನವೆಂಬರಿನ ಮೊದಲ ಹದಿನೈದು ದಿನ ಒಂದು ಕಂಟೇನರೂ ಹೋಗಲಿಲ್ಲ. ಆಮೇಲೆ ಬೇರೆ ಕಡೆ ಮಾಲು ಸಾಲದೆ ಕೊಳ್ಳುವವನೇ ತಿರುಗಿ ಬಂದ. 55 ಮಿಲಿಮೀಟರಿನ ಮೇಲಿನದಾದರೆ 800 ಕೊಡುತ್ತೇನೆ, ಆರು ಕಂಟೇನರ್ ಬೇಕು ಎಂದ. ಒಂದು ಹೋಯಿತು, ಐದು ತಯಾರಿಯಲ್ಲಿದ್ದವು.

ಡಿಸೆಂಬರ್ 7ರ ರಾತ್ರಿ

ಡಿಸೆಂಬರ್ 7ರ ದಿನಾಂಕದ ಅಧಿಸೂಚನೆ ಬಂತು: 8ರಿಂದ ಉಳ್ಳಾಗಡ್ಡಿ ರಫ್ತು ನಿಷೇಧ, 2024ರ ಮಾರ್ಚ್ 31ರವರೆಗೆ. ಇಂಥ ಆದೇಶಗಳನ್ನು ಓದುವಾಗ ಮೊದಲ ಸಾಲಿಗಿಂತ ಕೆಳಗಿನ ರಿಯಾಯಿತಿಗಳು ಮುಖ್ಯ. ಮೂರು ಇದ್ದವು. ಆದೇಶಕ್ಕೆ ಮುಂಚೆ ಹಡಗಿಗೆ ಏರಿಸುವುದು ಶುರುವಾಗಿದ್ದರೆ. ಶಿಪ್ಪಿಂಗ್ ಬಿಲ್ ಸಲ್ಲಿಕೆಯಾಗಿ, ಹಡಗು ಬಂದರಿಗೆ ಬಂದು ಲಂಗರು ಹಾಕಿ, ಅದರ ಆ ಯಾನವನ್ನು ಗುರುತಿಸುವ ರೊಟೇಷನ್ ಸಂಖ್ಯೆ ಸಿಕ್ಕಿದ್ದರೆ. ಅಥವಾ ಮಾಲು ಕಸ್ಟಮ್ಸ್ ವಶಕ್ಕೆ ಹೋಗಿ ಅವರ ವ್ಯವಸ್ಥೆಯಲ್ಲಿ ದಾಖಲಾಗಿದ್ದರೆ, ಜನವರಿ 5ರ ಒಳಗೆ ಹೋಗಬಹುದು. ಮುಂಗಡ ಬಂದಿದೆ, ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ ಪತ್ರ) ತೆರೆದಿದೆ ಎಂಬುದು ಈ ಮೂರರಲ್ಲಿ ಇಲ್ಲ.

ಐದು ಕಂಟೇನರುಗಳು ಎಲ್ಲೆಲ್ಲಿದ್ದವು? ಒಂದು ಚೆನ್ನೈನ ಸರಕು ನಿಲ್ದಾಣದೊಳಗೆ, ಗೇಟಿನ ದಾಖಲಾತಿ ಆದದ್ದು. ಅದು ಪಾರಾಯಿತು. ಎರಡನೆಯದರ ಶಿಪ್ಪಿಂಗ್ ಬಿಲ್ ಆಗಿತ್ತು, ಗಾಡಿ ಮಾತ್ರ ಚೆನ್ನೈಗೆ ಇನ್ನೂ ನಾಲ್ಕು ತಾಸು ದೂರ, ಹಡಗೂ ಬಂದಿರಲಿಲ್ಲ. ಉಳಿದ ಮೂರು ಹುಬ್ಬಳ್ಳಿಯ ಪ್ಯಾಕ್‌ಹೌಸಿನಲ್ಲಿ.

ರಾತ್ರಿ ಹತ್ತೂವರೆಗೆ ಎರಡನೇ ಗಾಡಿಯ ಬಗ್ಗೆ ತೀರ್ಮಾನ ಆಗಬೇಕಿತ್ತು. 'ಬಿಲ್ಲು ಆಗೇದ, ಗೇಟಿನ ಹೊರಗ ನಿಂದ್ರಸ್ರಿ, ನಾಳೆ ಏನರ ಸುತ್ತೋಲೆ ಬರಬಹುದು' ಎಂಬುದು ಹಲವರ ಸಲಹೆ. ರಫ್ತುದಾರ ಅಧಿಸೂಚನೆಯನ್ನು ಇನ್ನೊಮ್ಮೆ ಓದಿಸಿಕೊಂಡ. ಎರಡನೇ ರಿಯಾಯಿತಿಯಲ್ಲಿ ಬಿಲ್ಲಿನ ಜೊತೆಗೆ ಹಡಗೂ ಬೇಕು. ತನ್ನ ಹಡಗು 11ಕ್ಕೆ. ಗಾಡಿಯನ್ನು ಸೀದಾ ಕೊಯಂಬೇಡು ಸಗಟು ಮಾರುಕಟ್ಟೆಗೆ ತಿರುಗಿಸಿ, ಬೆಳಗಿನ ಜಾವ ಇಳಿಸಿ, ಸಿಕ್ಕ ದರಕ್ಕೆ ಮಾರಿ, ಖಾಲಿ ಕಂಟೇನರನ್ನು ಹಡಗು ಕಂಪನಿಗೆ ಒಪ್ಪಿಸಿದ. ಪೂರ್ತಿ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ. ನಷ್ಟ ಆಯಿತು, ಆದರೆ 8ರ ಮಧ್ಯಾಹ್ನದಿಂದ ದರ ಇಳಿಯತೊಡಗಿತು. ಗೇಟಿನ ಹೊರಗೆ ಕಾದ ಪರಿಚಯದ ಒಬ್ಬ ವ್ಯಾಪಾರಿ ಆರು ದಿನ ರೀಫರಿನ ಡೀಸೆಲ್ ಸುಟ್ಟು, ಬಾಡಿಗೆ ಕಟ್ಟಿ, ಮೊಳಕೆ ಬಂದ ಮಾಲನ್ನು ಅರ್ಧ ದರಕ್ಕೆ ಕೊಟ್ಟ.

ಐದು ಕಾಲಮ್ಮಿನ ಕಾಗದ

ಮೂರನೇ ಮನವಿಗೆ ಮುಂಚೆ ಕಂಪನಿಯ ಲೆಕ್ಕಪತ್ರ ನೋಡುವ ಹುಡುಗ ಒಂದು ಕೆಲಸ ಮಾಡಿದ, ಯಾರೂ ಹೇಳಿರಲಿಲ್ಲ. ಹಳೆಯ ನಿಷೇಧಗಳ ಕಾಲದಲ್ಲಿ ಯಾರಿಗೆ ವಿನಾಯಿತಿ ಸಿಕ್ಕಿತ್ತು ಎಂದು ಹುಡುಕಿ ಒಂದು ಹಾಳೆಯಲ್ಲಿ ಬರೆದ. 2019ರ ಅಕ್ಟೋಬರ್: ಬೆಂಗಳೂರು ಗುಲಾಬಿ ಉಳ್ಳಾಗಡ್ಡಿ, 9,000 ಟನ್, ಚೆನ್ನೈ ಬಂದರು ಮಾತ್ರ, ನವೆಂಬರ್ 30ರವರೆಗೆ, ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದೊಂದಿಗೆ. 2020ರ ಅಕ್ಟೋಬರ್: ಬೆಂಗಳೂರು ಗುಲಾಬಿ 10,000 ಟನ್, ಆಂಧ್ರದ ಕೃಷ್ಣಾಪುರಂ 10,000 ಟನ್, ಮತ್ತೆ ಚೆನ್ನೈ, 2021ರ ಮಾರ್ಚ್ 31ರವರೆಗೆ. 2023ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರು ಗುಲಾಬಿಗೆ ಸುಂಕ ಮಾಫಿ, ಅದೇ ಪ್ರಮಾಣಪತ್ರದ ಮೇಲೆ. (ಆಮೇಲೆ, 2024ರ ಏಪ್ರಿಲ್‌ನಲ್ಲಿ ಬಂದ ವಿನಾಯಿತಿಯೂ ಇದೇ ಅಚ್ಚಿನದು: ಗುಜರಾತಿನ ಬಿಳಿ ಉಳ್ಳಾಗಡ್ಡಿ, 2,000 ಟನ್, ಮುಂದ್ರಾ, ಪಿಪಾವಾವ್, ನ್ಹಾವಾ ಶೇವಾ ಬಂದರುಗಳು, ಅಲ್ಲಿನ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ.)

ಹೆಚ್ಚುಕಡಿಮೆ ಐದೇ ಕಾಲಮ್ಮು: ಹೆಸರು, ಟನ್, ಬಂದರು, ಕೊನೆಯ ದಿನ, ಪ್ರಮಾಣಿಸುವ ಅಧಿಕಾರಿ. ನಿಷೇಧವನ್ನೇ ತೆಗೆಯಿರಿ ಎಂಬ ಕೂಗಿಗೆ ದಿಲ್ಲಿ ಕಿವಿಗೊಡುವುದು ಅಪರೂಪ. ಆದರೆ ಬೆಲೆಗೆ ಧಕ್ಕೆಯಾಗದಷ್ಟು ಸಣ್ಣ, ಗೇಟಿನಲ್ಲಿ ನಿಂತ ಅಧಿಕಾರಿ ಕಣ್ಣಲ್ಲೇ ಗುರುತಿಸಬಹುದಾದ, ಸೋರಿಕೆಗೆ ಜವಾಬ್ದಾರ ಒಬ್ಬ ಇರುವ ಕಿಂಡಿಯನ್ನು ಅದು ತೆರೆಯುತ್ತದೆ.

ಬೆಂಗಳೂರು ಗುಲಾಬಿ ಈ ಅಚ್ಚಿಗೆ ಹೇಳಿ ಮಾಡಿಸಿದಂತಿದೆ. ಸಣ್ಣ, ಚಪ್ಪಟೆ ತಳದ, ಕಡು ಗುಲಾಬಿ ಗಡ್ಡೆ. ಭೌಗೋಳಿಕ ಸೂಚಿಕೆ ಇದೆ. ಬೆಳೆಯುವುದು ಚಿಕ್ಕಬಳ್ಳಾಪುರ, ಕೋಲಾರದ ಸುತ್ತ. ನಮ್ಮ ಅಡುಗೆಮನೆಗಳಲ್ಲಿ ಬಳಕೆ ಕಡಿಮೆ, ಹೋಗುವುದೆಲ್ಲ ಆಗ್ನೇಯ ಏಷ್ಯಾಕ್ಕೆ. ದಿಲ್ಲಿಯ ಮನೆಯೊಡತಿಗೆ ಅದರ ರಫ್ತಿನಿಂದ ಒಂದು ಪೈಸೆಯ ವ್ಯತ್ಯಾಸವೂ ಇಲ್ಲ.

ಕಂಪನಿಯವರು ತಮ್ಮ ಹಾಳೆ ತುಂಬಿದರು. 2,500 ಟನ್. ಚೆನ್ನೈ. ಜನವರಿ 31. ಅಧಿಕಾರಿ, ತೋಟಗಾರಿಕೆ ಆಯುಕ್ತರು. ಮೊದಲ ಕಾಲಮ್ಮಿನಲ್ಲಿ 'ಗದಗ ಕೆಂಪು ಉಳ್ಳಾಗಡ್ಡಿ' ಎಂದು ಬರೆದು ತೋಟಗಾರಿಕೆ ಇಲಾಖೆಗೆ ಒಯ್ದರು. ಅಲ್ಲಿನ ಮಾತುಕತೆ ಹೀಗಿತ್ತು.

'ಸಾಹೇಬ್ರ, ಗುಲಾಬಿ ಗಡ್ಡಿನೂ ಕರ್ನಾಟಕದ್ದ, ನಮ್ಮದೂ ಕರ್ನಾಟಕದ್ದ. ಅದಕ್ಕೊಂದು ಕಾನೂನು, ನಮಗೊಂದು ಕಾನೂನು ಹೆಂಗ್ರಿ?' ಎಂದರು ಅಧ್ಯಕ್ಷರು.

'ಯಜಮಾನ್ರ, ನಾ ಬರದು ಕೊಡಾಕ ತಯಾರದೀನಿ. ಆದ್ರ ನಿಮ್ಮದೊಂದು ಗಡ್ಡಿ, ನಾಸಿಕದ್ದೊಂದು ಗಡ್ಡಿ ಮುಂದಿಟ್ರ, ಯಾವುದು ಯಾವುದಂತ ಚೆನ್ನೈದಾಗ ಕುಂತಾವ ಹೆಂಗ ಗುರುತು ಹಿಡೀಬೇಕ್ರಿ?'

ಉತ್ತರ ಇರಲಿಲ್ಲ. ಸದಸ್ಯರಲ್ಲಿ ಮೂವರು ಒಂದು ಅಂಗಡಿಯ ಬೀಜ ಹಾಕಿದ್ದರೆ ಇನ್ನು ನಾಲ್ವರು ಇನ್ನೊಂದು ಕಡೆಯದು, ಕೆಲವರು ಮನೆಯಲ್ಲೇ ಹಿಡಿದ ಬೀಜ. ಬಣ್ಣ ಕೆಂಪು ಎಂಬುದು ಬಿಟ್ಟರೆ ಬೇರೆ ಗುರುತಿಲ್ಲ. ಇಂಥ ಮಾಲಿಗೆ ಕಿಂಡಿ ತೆರೆದರೆ ನಾಸಿಕ ಕಡೆಯ ಲಾಸಲಗಾಂವದ ಮಾಲೂ ಅದರಲ್ಲೇ ನುಗ್ಗುತ್ತದೆ ಎಂಬುದು ಅಧಿಕಾರಿಗೂ ಗೊತ್ತು, ಡಿಜಿಎಫ್‌ಟಿಗೂ ಗೊತ್ತು. ಪ್ರಮಾಣಪತ್ರ ಸಿಗಲಿಲ್ಲ, ಮೂರನೇ ಮನವಿ ರಾಜ್ಯದ ಗಡಿಯನ್ನೇ ದಾಟಲಿಲ್ಲ. ಇದೇ ಸಮಯಕ್ಕೆ, ನಮ್ಮದನ್ನೂ ಗುಲಾಬಿ ಎಂದೇ ತೋರಿಸಿ ಕಳಿಸೋಣ ಎಂಬ ಮಾತೂ ಎದ್ದಿತ್ತು. ತಪ್ಪು ಘೋಷಣೆಯ ಮಾಲು ಕಸ್ಟಮ್ಸ್ ಕಾಯ್ದೆಯ 113ನೇ ಕಲಮಿನಡಿ ಜಪ್ತಿಗೆ, ಕಳಿಸಿದವ 114ರಡಿ ದಂಡಕ್ಕೆ ಗುರಿ ಎಂದು ಏಜೆಂಟ್ ಓದಿ ಹೇಳಿದ ಮೇಲೆ ಮಾತು ನಿಂತಿತು.

ಇನ್ನೆರಡು ದಾರಿ

ಜನವರಿಯಲ್ಲಿ ಅವರು ಬೇಡಿಕೆಯನ್ನೇ ಬದಲಿಸಿದರು: ರಫ್ತು ಬೇಡ, ಬಫರಿಗೆ ನಮ್ಮ ಮಾಲು ಕೊಳ್ಳಿ. ಇದು ಮೇಜು ಬಲ್ಲವರ ನಡೆ. ನಿಷೇಧಕ್ಕೆ ಒತ್ತಡ ತಂದ ಗ್ರಾಹಕ ವ್ಯವಹಾರಗಳ ಇಲಾಖೆಯ ಕೈಯಲ್ಲೇ ಬಫರಿನ ಹಣವೂ ಇರುತ್ತದೆ. ನಿಮ್ಮ ನೀತಿಯಿಂದ ಬಿದ್ದ ದರವನ್ನು ನೀವೇ ಸ್ವಲ್ಪ ಎತ್ತಿಹಿಡಿಯಿರಿ ಎಂದು ಅಲ್ಲಿ ಕೇಳಬಹುದು. ಖರೀದಿ ಸಂಸ್ಥೆಯೊಂದು ಒಪ್ಪಿತು. 400 ಟನ್ ತೋರಿಸಿದ್ದರಲ್ಲಿ 90 ಟನ್ ಹೋಯಿತು. ಉಳಿದದ್ದು ಗಾತ್ರ, ಮೊಳಕೆ, ಕಪ್ಪು ಬೂಷ್ಟು ಎಂದು ತಿರಸ್ಕಾರ. ಹದಿನೈದು ದಿನ ಮುಂಚೆ ಕೇಳಿದ್ದರೆ ಇದರ ಎರಡರಷ್ಟು ಹೋಗುತ್ತಿತ್ತು ಎಂಬುದು ಹಮಾಲರ ಅಂದಾಜು. ನಂಬಬಹುದಾದ ಅಂದಾಜೇ.

ಎರಡನೆಯದು ಅವರಿಗೆ ಹೊಳೆಯುವ ಹೊತ್ತಿಗೆ ಮೀರಿತ್ತು. ನಿಷೇಧ ಇದ್ದಾಗಲೂ ಇನ್ನೊಂದು ದೇಶದ ಸರ್ಕಾರ ಕೇಳಿದರೆ ಕೇಂದ್ರ ಇಷ್ಟು ಟನ್ ಎಂದು ಅನುಮತಿ ಕೊಡುತ್ತದೆ. ಕೊಂಡು ಕಳಿಸುವುದು ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆ, ಎನ್‌ಸಿಇಎಲ್. ಹೀಗೆ ಬಾಂಗ್ಲಾದೇಶಕ್ಕೆ 50,000, ಯುಎಇಗೆ 14,400 ಟನ್ ಸಿಕ್ಕಿತು. 2024ರ ಏಪ್ರಿಲ್ ಹೊತ್ತಿಗೆ ಪಟ್ಟಿಯಲ್ಲಿ ಬಾಂಗ್ಲಾ, ಯುಎಇ, ಭೂತಾನ್, ಬಹ್ರೇನ್, ಮಾರಿಷಸ್, ಶ್ರೀಲಂಕಾ ಸೇರಿ ಆರು ದೇಶ, 99,150 ಟನ್. ಮಲೇಷ್ಯಾ ಇರಲಿಲ್ಲ. ಕೊಳ್ಳುವವನು ಕ್ವಾಲಾಲಂಪುರದಲ್ಲಿ ತನ್ನ ಸರ್ಕಾರದ ಬಾಗಿಲು ತಟ್ಟಬೇಕಿತ್ತು. ಗದಗಿನಿಂದ ದಿಲ್ಲಿಗೆಂದು ಬರೆದ ಮೂರು ಮನವಿಗಿಂತ ಅಲ್ಲಿಂದ ಒಂದು ರಾಯಭಾರಿ ಪತ್ರ ಹೆಚ್ಚು ತೂಗುತ್ತಿತ್ತು. ಹೀಗೊಂದು ದಾರಿ ಇದೆಯೆಂದು ಅವನಿಗೆ ಇವರು ಹೇಳಿರಲಿಲ್ಲ, ಇವರಿಗೇ ಗೊತ್ತಿರಲಿಲ್ಲ.

ಮಾರ್ಚ್ 31ಕ್ಕೆ ಮುಗಿಯಬೇಕಿದ್ದ ನಿಷೇಧ ಮುಂದುವರಿದು, ಮೇ 4ಕ್ಕೆ ತೆರವಾಯಿತು, 550 ಡಾಲರ್ ಕನಿಷ್ಠ ಬೆಲೆ ಮತ್ತು ಶೇ 40 ಸುಂಕದ ಜೊತೆ. ಆಗ ಗದಗಿನ ಶೆಡ್ಡುಗಳಲ್ಲಿ ಸಿಪ್ಪೆಯೂ ಇರಲಿಲ್ಲ. ತೆರವಿನ ಲಾಭ ಹಿಂಗಾರಿ ಮಾಲು ಇಟ್ಟುಕೊಂಡವರಿಗೆ ಹೋಯಿತು. ಆ ಹಂಗಾಮಿನಲ್ಲಿ 14 ಕಂಟೇನರಿನ ಪೈಕಿ ಹಡಗು ಹತ್ತಿದ್ದು ಆರು.

ಆಮೇಲಿನ ವ್ಯವಸ್ಥೆ

2024ರ ಜೂನ್‌ನಿಂದ ಕಂಪನಿ ಪ್ರತಿ ಸೋಮವಾರ ಒಂದು ಪುಟದ ಹಾಳೆ ತಯಾರಿಸುತ್ತದೆ. ಹುಬ್ಬಳ್ಳಿ ಮತ್ತು ಗದಗ ಎಪಿಎಂಸಿಗಳಿಗೆ ವಾರದಲ್ಲಿ ಬಂದ ಚೀಲ, ಹೆಚ್ಚು ಸವಾಲಾದ ದರ, ಸದಸ್ಯರ ಹೊಲದಲ್ಲಿ ಉಳಿದ ಎಕರೆ, ಕಿತ್ತ ಮೇಲೆ ಎಷ್ಟು ದಿನಕ್ಕೆ ಎಷ್ಟು ಗಡ್ಡೆ ಕೆಟ್ಟಿತು. ಕೊನೆಯದಕ್ಕಾಗಿ ಶೆಡ್ಡಿನ ಮೂಲೆಯಲ್ಲಿ 10 ಚೀಲ ಬೇರೆ ಇಟ್ಟು, ವಾರಕ್ಕೊಮ್ಮೆ ಸುರಿದು, ಮೊಳಕೆ ಮತ್ತು ಕೊಳೆತದ್ದನ್ನು ತೂಗುತ್ತಾರೆ. ಒಂದೇ ಹಾಳೆ ನಾಲ್ಕು ಕಡೆ ಹೋಗುತ್ತದೆ, ಮೊದಲ ಪ್ಯಾರಾ ಮಾತ್ರ ಬೇರೆ. ಗ್ರಾಹಕ ವ್ಯವಹಾರಗಳ ಇಲಾಖೆಗೆ ಮುಂದಿನ ಆರು ವಾರದಲ್ಲಿ ಎಷ್ಟು ಮಾಲು ಬರುತ್ತದೆ ಎಂಬುದು ಮೊದಲ ಸಾಲು. ಕಂದಾಯಕ್ಕೆ ಸುಂಕದ ದರ ಮತ್ತು ಬಂದರು ಮುಟ್ಟಿದ ಬೆಲೆ. ಡಿಜಿಎಫ್‌ಟಿಗೆ ಹಾಳಾಗುವ ದಿನಗಳ ಲೆಕ್ಕ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಫ್ತು ಉತ್ತೇಜನ ಸಮಿತಿಗೆ ಇವೆಲ್ಲದರ ಪ್ರತಿ, ಏಕೆಂದರೆ ರಾಜ್ಯದಿಂದ ಕೇಂದ್ರಕ್ಕೆ ಪತ್ರ ಹೋಗುವಾಗ ಅಂಕಿ ಕೇಳುವುದು ಅವರನ್ನೇ.

ಅದೇ ಜೂನ್‌ನಲ್ಲಿ ಗ್ರಾಹಕ ವ್ಯವಹಾರಗಳ ಖಾತೆ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರಿಗೆ ಬಂದಾಗ, ಇನ್ನು ನಮ್ಮ ಕೆಲಸ ಸಲೀಸು ಎಂದು ಪೇಟೆಯಲ್ಲಿ ಮಾತಾಯಿತು. ಹಾಗೆ ನಂಬಿ ಕೂರದಿದ್ದದ್ದು ಒಳ್ಳೆಯದು. ಖಾತೆ ಯಾರದ್ದಾದರೂ ಆ ಇಲಾಖೆಯ ಕೆಲಸ ಕೊಳ್ಳುವವನ ಜೇಬು ಕಾಯುವುದು. ಊರಿನವರು ಎಂಬ ಸಲಿಗೆಯಿಂದ ಭೇಟಿಯ ಸಮಯ ಬೇಗ ಸಿಕ್ಕೀತು, ಕಡತದ ದಿಕ್ಕು ಬದಲಾಗದು.

ಸೆಪ್ಟೆಂಬರ್ 13ಕ್ಕೆ ಕನಿಷ್ಠ ಬೆಲೆ ರದ್ದಾಗಿ ಸುಂಕ ಶೇ 20ಕ್ಕೆ ಇಳಿಯಿತು. ಮಹಾರಾಷ್ಟ್ರದ ಒತ್ತಡ, ಹಂಗಾಮಿನ ಅಂದಾಜು, ಕಾರಣಗಳು ಹಲವು. ಗದಗಿನ ಹಾಳೆಯಿಂದ ಹಾಗಾಯಿತು ಎಂದು ಹೇಳುವುದು ಬಡಾಯಿ. ಆದರೆ ಈ ಸಲ ಕರಾರಿನಲ್ಲಿ ಸುಂಕದ ಕಲಮಿತ್ತು, ಹೊಸ ದರ ಬಂದ ಐದನೇ ದಿನ ಮೊದಲ ಕಂಟೇನರ್ ಹೊರಟಿತು. ಉಳಿದ ಶೇ 20 ಕೂಡ 2025ರ ಏಪ್ರಿಲ್ 1ರಿಂದ ಹೋಯಿತು. ಅಷ್ಟರಲ್ಲಿ, 2025ರ ಜನವರಿಯಲ್ಲಿ, ವಿದೇಶಿ ವ್ಯಾಪಾರ ನೀತಿಗೆ 1.07ಎ ಮತ್ತು 1.07ಬಿ ಎಂಬ ಪ್ಯಾರಾಗಳು ಸೇರಿದವು: ನೀತಿ ಬದಲಿಸುವ ಮುಂಚೆ ಸಂಬಂಧಪಟ್ಟವರ ಅಭಿಪ್ರಾಯ ಕೇಳುವುದು, ಒಪ್ಪದಿದ್ದರೆ ಕಾರಣ ತಿಳಿಸುವುದು. ವಿಶೇಷ ಸಂದರ್ಭದಲ್ಲಿ ಕೇಳದೆಯೂ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರ ಉಳಿಸಿಕೊಂಡಿದೆ. ಉಳ್ಳಾಗಡ್ಡಿ ದರ ಏರಿದ ದಿನ ವಿಶೇಷ ಸಂದರ್ಭವೇ ಆಗಿರುತ್ತದೆ ಎಂದು ಹಿಡಿದೇ ಲೆಕ್ಕ ಹಾಕಬೇಕು.

ಈಗ ಕಂಪನಿಗೂ ರಫ್ತುದಾರನಿಗೂ ಒಂದು ಭಿನ್ನಾಭಿಪ್ರಾಯ ಇದೆ. ಸದಸ್ಯರೆಲ್ಲ ಒಂದೇ ಬೀಜ ಹಾಕಿ, ಸ್ಥಳೀಯ ತಳಿಯೊಂದನ್ನು ಶುದ್ಧ ಮಾಡಿಸಿ, ಅದರ ಲಕ್ಷಣ ದಾಖಲಿಸಿ ನೋಂದಣಿ ಮಾಡಿಸಬೇಕು ಎನ್ನುತ್ತಾರೆ ಅಧ್ಯಕ್ಷರು, ಮುಂದಿನ ನಿಷೇಧದ ಹೊತ್ತಿಗೆ ಮೊದಲ ಕಾಲಮ್ಮು ತುಂಬಿರಲಿ ಎಂದು. ಅದಕ್ಕೆ ನಾಲ್ಕೈದು ಹಂಗಾಮು ಬೇಕು, ಅಲ್ಲಿಯವರೆಗೆ ಇಳುವರಿ ಕಡಿಮೆ, ಆ ಹಣ ಯಾರು ಕೊಡುತ್ತಾರೆ ಎಂಬುದು ರಫ್ತುದಾರನ ಪ್ರಶ್ನೆ. ಅವನ ಪ್ರಕಾರ ಆ ದುಡ್ಡಿಗೆ ಗಡ್ಡೆ ಒಣಗಿಸುವ ಶೆಡ್ಡು ಕಟ್ಟುವುದು ಮೇಲು. ಹೋದ ಸಭೆಯಲ್ಲಿ ಎರಡು ಎಕರೆಗೆ ಮಾತ್ರ ಬೀಜ ಹಿಡಿಯುವುದೆಂದು ಒಪ್ಪಿ ಎದ್ದಿದ್ದಾರೆ, ಖರ್ಚು ಅರ್ಧರ್ಧ.